ಡೀಸೆಲ್ ಗಾಡಿಗೆ ನಾನು ಹಾಕಿದ ಪೆಟ್ರೋಲ್

ದುಬೈಯ ನೈಫ್ ಪೇಟೆಯ ಒಂದು ಸಣ್ಣ ಅಂಗಡಿಯ ಗಾಡಿಯನ್ನು ನಾನು ಹತ್ತೊಂಬತ್ತು ವರ್ಷ ಓಡಿಸಿದೆ. ನೆಲ ಒರೆಸುವ ಕೋಲು, ಫಿನಾಯಿಲು, ಕಸದ ಚೀಲ, ಟಿಶ್ಯೂ ಪೆಟ್ಟಿಗೆ, ಇಂಥವುಗಳ ವ್ಯಾಪಾರ. ವಾರಕ್ಕೆ ಮೂರು ಸಲ ಮಾಲು ತುಂಬಿಕೊಂಡು ಹೊರಟು, ಅಬುಧಾಬಿ ಕಡೆಯ ಖಲೀಫಾ ಸಿಟಿಯ ಎರಡು ಮೂರು ಶಾಲೆಗಳಿಗೂ ಬನಿಯಾಸಿನ ಗ್ರೋಸರಿಗಳಿಗೂ ಇಳಿಸಿ ಸಂಜೆಯೊಳಗೆ ವಾಪಸು. ಅಷ್ಟು ವರ್ಷದಲ್ಲಿ ಯಾರಿಗೂ ಗಾಡಿ ತಾಗಿಸಿದವನಲ್ಲ ನಾನು. ಊರಿಗೆ ಬಂದ ಮೇಲೆ ಇದನ್ನು ತುಂಬ ಜನರಿಗೆ ಹೇಳಿಕೊಂಡಿದ್ದೇನೆ. ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತೇನೆ.

ಮೊದಲ ಹದಿನಾರು ವರ್ಷ ನನ್ನ ಕೈಯಲ್ಲಿದ್ದದ್ದು ಡೀಸೆಲ್ ಪಿಕಪ್. ಆಗ ಪಂಪಿನಲ್ಲಿ ಚಾಲಕ ಇಳಿಯುವ ಪದ್ಧತಿಯೇ ಇರಲಿಲ್ಲ. ಗಾಜು ಇಳಿಸಿ ಕೂತರೆ ಸಾಕು. ನಾನು ಹೋಗುತ್ತಿದ್ದ ಪಂಪು ಬನಿಯಾಸಿನ ಹತ್ತಿರದ್ದು. ಅಲ್ಲಿ ಒಂದು ಕಟ್ಟುನಿಟ್ಟಿನ ಕ್ರಮ ಇತ್ತು. ಎಣ್ಣೆ ಹಾಕುವವನು ಟ್ಯಾಂಕಿನ ಮುಚ್ಚಳದ ಮೇಲೆ ಅಂಗೈಯಿಂದ ತಟ್ಟಿ "ಡೀಸೆಲ್?" ಎಂದು ಗಟ್ಟಿಯಾಗಿ ಕೇಳಬೇಕು. ಚಾಲಕ "ಡೀಸೆಲ್" ಎಂದು ತಿರುಗಿ ಹೇಳಬೇಕು. ಆಮೇಲೆಯೇ ಕೊಳವೆ ಒಳಗೆ. ಪೆಟ್ರೋಲಿನ ಕೊಳವೆ ಸಪೂರ, ಅದು ಡೀಸೆಲ್ ಟ್ಯಾಂಕಿನ ಬಾಯಿಗೆ ಸಲೀಸಾಗಿ ಹೋಗುತ್ತದೆ. ಯಾರಾದರೂ ಯಾವುದೋ ಯೋಚನೆಯಲ್ಲಿ ಹಾಕಿಬಿಟ್ಟರೆ ಇಂಜಿನು ಹೋಯಿತು. ಅದಕ್ಕೇ ಈ ಕೇಳುವುದು, ಹೇಳುವುದು. ಹದಿನಾರು ವರ್ಷದ ಗಾಡಿಯನ್ನು ಪ್ರತಿ ಸಲ ಏನೆಂದು ಕೇಳುವುದು ಎಂದು ನನಗೆ ಸಿಟ್ಟು ಬರುತ್ತಿತ್ತು.

ಆಮೇಲೆ ಮುದೀರ್ ಒಂದು ಹೊಸ ಪಿಕಪ್ ತಂದರು. ಮ್ಯಾನೇಜರಿಗೆ ಅಲ್ಲಿ ಮುದೀರ್ ಎನ್ನುವುದು ರೂಢಿ. ನಮ್ಮವರು ಕೇರಳದವರು, ಅಂಗಡಿಯೂ ಅವರದ್ದೇ. ಹೊಸದು ಪೆಟ್ರೋಲಿನದ್ದು. ಅದೇ ಬಿಳಿ ಬಣ್ಣ, ಅದೇ ಕಂಪನಿಯ ಗಾಡಿ, ಒಳಗೆ ಕೂತರೆ ಸ್ಟೀರಿಂಗಿಗೂ ಗೇರಿಗೂ ವ್ಯತ್ಯಾಸ ತಿಳಿಯದು. ಹಳೆಯ ಡೀಸೆಲಿನದ್ದು ಬೇಕಾದಾಗ ಇರಲಿ ಎಂದು ಅಂಗಡಿಯ ಹಿಂದೆ ನಿಂತಿತು.

ಸುಮಾರು ಅದೇ ಹೊತ್ತಿಗೆ ಅಬುಧಾಬಿ ಕಡೆಯ ಪಂಪುಗಳಲ್ಲಿ ಸೆಲ್ಫ್ ಸರ್ವೀಸ್ ಬಂತು. ಪೆಟ್ರೋಲನ್ನು ನೀವೇ ಇಳಿದು ಹಾಕಿಕೊಳ್ಳಬೇಕು, ಕೆಲಸದವನು ಹಾಕಿದರೆ ಅದಕ್ಕೆ ಬೇರೆ ಚಾರ್ಜು. ಹೆಂಗಸರಿಗೆ, ವಯಸ್ಸಾದವರಿಗೆ, ಕೈಕಾಲು ಆಗದವರಿಗೆ ಮಾತ್ರ ಚಾರ್ಜಿಲ್ಲದೆ ಹಾಕಿಕೊಡುತ್ತಿದ್ದರು. ನಮ್ಮ ಪಂಪಿನಲ್ಲಿ ಡೀಸೆಲ್ ಹಿಂದಿನ ಸಾಲಿಗೆ ಹೋಯಿತು. ಅಲ್ಲಿ ಹಳೆಯ ಕ್ರಮವೇ, ಚಾಲಕ ಕೊಳವೆ ಮುಟ್ಟುವ ಹಾಗಿಲ್ಲ. ನಾನು ಮುಂದಿನ ಸಾಲಿನವನಾದೆ.

ಮುಂದಿನ ಸಾಲಿನಲ್ಲಿ ಇದ್ದವನು ನಮ್ಮ ಕಡಲಕರೆಯ ಒಬ್ಬ ಬ್ಯಾರಿ. ಮೂವತ್ತೈದರ ಆಸುಪಾಸು, ತೆಳ್ಳಗೆ, ಯಾವಾಗಲೂ ಒಂದು ತಮಾಷೆ ಬಾಯಲ್ಲಿ ಇಟ್ಟುಕೊಂಡವನು. ನಾವು ತುಳುವಿನಲ್ಲೇ ಮಾತಾಡುತ್ತಿದ್ದೆವು. ನಾನು ಮೊದಲ ಸಲ ಇಳಿದು ಮಿಷಿನಿನ ಎದುರು ಕಣ್ಣುಬಾಯಿ ಬಿಟ್ಟು ನಿಂತಾಗ, ಇಷ್ಟು ವರ್ಷ ಮದುಮಗನ ಹಾಗೆ ಕೂತಿದ್ರಲ್ಲ ಅಣ್ಣ, ಈಗ ಇಳಿದು ನೀವೇ ಬಡಿಸಿಕೊಳ್ಳಿ ಎಂದು ನಕ್ಕಿದ್ದ. ಕಾರ್ಡು ಎಲ್ಲಿ ಇಡುವುದು, ಯಾವ ಗುಂಡಿ ಒತ್ತುವುದು, ಎಲ್ಲ ಅವನೇ ಕಲಿಸಿದ್ದು. ಮೂರು ಸಲ ಕಲಿಸಿದ. ಮೂರನೆಯ ಸಲವೂ ಬೇಸರ ಮಾಡಲಿಲ್ಲ.

ಆ ವರ್ಷ ನನಗೆ ಐವತ್ತೊಂಬತ್ತು. ಅರವತ್ತು ಹತ್ತಿರ ಬಂದವನ ವೀಸಾ ಮುಂದುವರಿಸುವುದಕ್ಕೆ ಅಲ್ಲಿ ಯಾವ ಮುದೀರನಾದರೂ ಎರಡು ಸಲ ಯೋಚಿಸುತ್ತಾನೆ. ನನ್ನದು ಮುಗಿಯಲು ಎರಡು ತಿಂಗಳಿತ್ತು. ನಾನು ಎರಡು ವಾರಕ್ಕೊಮ್ಮೆ ಕೂದಲಿಗೂ ಮೀಸೆಗೂ ಬಣ್ಣ ಹಾಕುತ್ತಿದ್ದೆ. ಅಂಗಡಿಯಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದರೂ ಮುಖದಲ್ಲಿ ತೋರಿಸುತ್ತಿರಲಿಲ್ಲ. ಇದಕ್ಕೆ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಬಹುದಿತ್ತು. ಇರಲಿಲ್ಲ. ಮಗಳ ಮದುವೆ ಆಗಿತ್ತು, ಮನೆ ಕಟ್ಟಿ ಆಗಿತ್ತು. ಕೆಲಸ ಬಿಟ್ಟರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ಹೆದರಿಕೆ, ಅಷ್ಟೇ.

ಬೇಸಗೆಯ ಒಂದು ದಿನ ಹೊಸ ಗಾಡಿಯ ಏಸಿ ಕೆಟ್ಟು ಗ್ಯಾರೇಜಿಗೆ ಹೋಯಿತು. ಮುದೀರ್ ಹಳೆಯದರ ಕೀಲಿ ಕೊಟ್ಟರು. ಶಾಲೆಗಳ ಮಾಲು ಇಳಿಸಿ ಬನಿಯಾಸಿನ ಕಡೆ ಬರುವಾಗ ಎಣ್ಣೆಯ ಮುಳ್ಳು ಕೆಳಗೆ ಬಿದ್ದಿತ್ತು. ಪಂಪಿಗೆ ತಿರುಗಿಸಿದೆ. ಕೈ ತಾನಾಗಿ ಮುಂದಿನ ಸಾಲಿಗೇ ತಂದು ನಿಲ್ಲಿಸಿತು.

ಆ ಬ್ಯಾರಿ ಟೊಪ್ಪಿ ಸರಿ ಮಾಡಿಕೊಳ್ಳುತ್ತ ಬಂದ. "ಕೂತ್ಕೊಳ್ಳಿ ಅಣ್ಣ, ಬಿಸಿಲು ಜೋರುಂಟು. ನಾನೇ ಹಾಕ್ತೇನೆ. ಹಿರಿಯರ ಲೆಕ್ಕದಲ್ಲಿ ಸೇರಿಸಿದ್ರೆ ಚಾರ್ಜೂ ಇಲ್ಲ."

ಬೇಡ ಎಂದೆ. ಅವನು ಬಿಡಲಿಲ್ಲ. ಪಕ್ಕದಲ್ಲಿ ಪೆಟ್ರೋಲ್ ಹಾಕಿಕೊಳ್ಳುತ್ತಿದ್ದ ಟ್ಯಾಕ್ಸಿಯವನಿಗೆ ಹಿಂದಿಯಲ್ಲಿ, ನೋಡಿ ನಮ್ಮ ಚಾಚಾ, ಮುದುಕರಿಗೆ ಫ್ರೀ ಅಂದ್ರೂ ಕೇಳುವುದಿಲ್ಲ ಎಂದ. ಟ್ಯಾಕ್ಸಿಯವನು ನನ್ನ ಮೀಸೆಯನ್ನು ನೋಡಿ ನಕ್ಕ. ನನಗೆ ನೆತ್ತಿಗೇರಿತು. ಬಾಗಿಲು ದೂಡಿ ಇಳಿದೆ.

"ನಿನ್ನ ಅಪ್ಪನಿಗೆ ಹಾಕು ಹೋಗು. ನನಗೆ ಕೈ ಉಂಟು."

"ಅಪ್ಪನ ಹತ್ರ ಸೈಕಲ್ ಮಾತ್ರ ಇರುವುದು ಅಣ್ಣ" ಎಂದು ನಗುತ್ತಲೇ ಅವನು ಹಿಂದೆ ಬಂದು ನಿಂತ ಒಬ್ಬ ಹೆಂಗಸಿನ ಕಾರಿನ ಕಡೆ ಹೋದ.

ಟ್ಯಾಂಕಿನ ಮುಚ್ಚಳ ತೆಗೆದೆ. ಮುಚ್ಚಳದ ಒಳಗಡೆ "ಡೀಸೆಲ್" ಎಂದು ನಾನೇ ಎಷ್ಟೋ ವರ್ಷ ಹಿಂದೆ ಅಂಟಿಸಿದ ಚೀಟಿ ಇತ್ತು. ಅದನ್ನು ನೋಡಲಿಲ್ಲ. ನನ್ನ ಕಣ್ಣು ಟ್ಯಾಕ್ಸಿಯವನ ಮೇಲಿತ್ತು, ಇನ್ನೂ ನಗುತ್ತಿದ್ದಾನಾ ಎಂದು. ಒಂದು ವರ್ಷದಿಂದ ಹಿಡಿದ ಕೊಳವೆಯನ್ನೇ ಹಿಡಿದು ಪೆಟ್ರೋಲ್ ತುಂಬಿಸಿದೆ. ಹೊರಡುವಾಗ ಅವನು ದೂರದಿಂದ ಕೈ ಎತ್ತಿದ. ನಾನು ಎತ್ತಲಿಲ್ಲ.

ಪೈಪಿನಲ್ಲಿ ಉಳಿದಿದ್ದ ಡೀಸೆಲಿನಲ್ಲಿ ಗಾಡಿ ಸ್ವಲ್ಪ ದೂರ ಓಡಿತು. ಆಮೇಲೆ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು. ಕಾಲು ಒತ್ತಿದರೂ ಎಳೆಯಲಿಲ್ಲ. ರಸ್ತೆಯ ಬದಿಗೆ ತಂದು ನಿಲ್ಲಿಸುವಷ್ಟರಲ್ಲಿ ಪೂರ್ತಿ ಸತ್ತಿತು. ಇಳಿದು ಮುಚ್ಚಳ ತೆಗೆದು ಮೂಸಿದೆ. ಮೂಸುವ ಮೊದಲೇ ಗೊತ್ತಾಗಿತ್ತು.

ಆ ಬಿಸಿಲಿನಲ್ಲಿ ನಾನು ನಿಂತು ಯೋಚಿಸಿದ್ದು ಇಂಜಿನಿನ ವಿಷಯ ಅಲ್ಲ. ಡೀಸೆಲ್ ಯಾವುದು, ಪೆಟ್ರೋಲ್ ಯಾವುದು ಎಂದು ಗೊತ್ತಾಗದ ಮುದುಕನಿಗೆ ಯಾವ ಮುದೀರ್ ವೀಸಾ ಹೊಡೆಸುತ್ತಾನೆ ಎಂದು. ಫೋನಿನಲ್ಲಿ ನಮ್ಮ ಮುದೀರರಿಗೆ, ಪಂಪಿನವರು ತಪ್ಪು ಎಣ್ಣೆ ಹಾಕಿದ್ದಾರೆ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ಬಂತು. ಆದರೆ ಹಿಂದೆ ತೆಗೆದುಕೊಳ್ಳಲು ಎರಡು ದಿನ ಇತ್ತು. ಆ ಎರಡು ದಿನ ಯೋಚಿಸಿಯೇ ಸುಮ್ಮನಿದ್ದೆ.

ಮೂರನೆಯ ದಿನ ಮುದೀರ್ ನನ್ನನ್ನು ಕರೆದುಕೊಂಡು ಪಂಪಿನ ಆಫೀಸಿಗೆ ಹೋದರು. ಒಳಗೆ ಸೂಪರ್‌ವೈಸರ್ ಮತ್ತು ಅವನು. ಕ್ಯಾಮರಾದಲ್ಲಿ ನಮ್ಮ ಗಾಡಿ ಕಾಣುತ್ತಿತ್ತು, ಅವನು ಗಾಡಿಯ ಹತ್ತಿರ ಬಂದು ನಿಂತದ್ದೂ ಕಾಣುತ್ತಿತ್ತು. ಟ್ಯಾಂಕು ಇದ್ದದ್ದು ಆಚೆ ಬದಿಗೆ, ಹಿಂದಿನ ಕಾರೂ ನಮ್ಮ ಗಾಡಿಯ ಮರೆಗೆ. ಅಲ್ಲಿ ಯಾರ ಕೈ ಇತ್ತೆಂದು ಕಾಣುತ್ತಿರಲಿಲ್ಲ. ಮುದೀರ್ ನನ್ನ ಹೆಗಲ ಮೇಲೆ ಕೈ ಇಟ್ಟು, ಇವರು ವಯಸ್ಸಾದವರು, ನಿಮ್ಮವರೇ ಹಾಕಬೇಕೆಂಬ ಕ್ರಮ ಇದೆಯಲ್ಲ ಎಂದರು. ಮೂರು ದಿನದ ಹಿಂದೆ ಅದೇ ಮಾತಿಗೆ ಸಿಟ್ಟಾಗಿ ಇಳಿದವನು ನಾನು. ಈಗ ತಲೆ ತಗ್ಗಿಸಿ, ಭುಜ ಕುಗ್ಗಿಸಿ, ಆದಷ್ಟು ಮುದುಕನ ಹಾಗೆ ನಿಂತೆ.

ಅವನು ಹಿಂದಿಯಲ್ಲಿ, ನಾನು ಹಾಕಿಲ್ಲ ಸಾಬ್, ಅವರೇ ಹಾಕಿಕೊಂಡದ್ದು ಎಂದ. ಮೊದಲ ಸಲ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ನನ್ನ ಕಡೆ ತಿರುಗಿ ತುಳುವಿನಲ್ಲಿ ಹೇಳಿದ, "ಅಣ್ಣ, ನೀವೇ ಹೇಳಿ."

ನಾನು ಬಾಯಿ ತೆರೆಯುವ ಮೊದಲು ಸೂಪರ್‌ವೈಸರ್ ಕೇಳಿದರು, "ಮುಚ್ಚಳ ತಟ್ಟಿ ಡೀಸೆಲ್ಲಾ ಪೆಟ್ರೋಲಾ ಅಂತ ಇವನು ನಿಮ್ಮನ್ನು ಕೇಳಿದನಾ?"

"ಇಲ್ಲ, ಕೇಳಲಿಲ್ಲ" ಎಂದೆ.

ಅದು ನಿಜ. ಅವನು ಕೇಳಿರಲಿಲ್ಲ. ಕೇಳುವ ಕೆಲಸ ಹಾಕುವವನದ್ದು, ಹಾಕಿದ್ದು ನಾನು. ನಾನು ಆಡಿದ ಆ ಒಂದು ಮಾತಿನಲ್ಲಿ ಸುಳ್ಳು ಇರಲಿಲ್ಲ. ಎಷ್ಟೋ ಸಮಯ ಇದನ್ನೇ ನನಗೆ ನಾನು ಹೇಳಿಕೊಂಡೆ. ಸೂಪರ್‌ವೈಸರ್ ಒಂದು ಕಾಗದದ ಮೇಲೆ ಏನೋ ಬರೆದರು. ಅವನು ನನ್ನನ್ನು ನೋಡುವುದನ್ನು ನಿಲ್ಲಿಸಿ ನೆಲ ನೋಡಿದ. ಬಯ್ಯುತ್ತಾನೆ ಎಂದು ಕಾದೆ. ಬಯ್ಯಲಿಲ್ಲ.

ಗಾಡಿಯನ್ನು ಪಂಪಿನವರೇ ರಿಪೇರಿ ಮಾಡಿಸಿಕೊಟ್ಟರು. ಆಮೇಲೆ ನಾನು ಪಂಪು ಬದಲಿಸಿದೆ, ಎರಡು ಕಿಲೋಮೀಟರ್ ಸುತ್ತಾದರೂ. ನೈಫಿನ ಒಂದು ಕೆಫೆಟೇರಿಯಾದಲ್ಲಿ ಚಾ ಮಾಡುವವನು ಆ ಬ್ಯಾರಿಯ ಊರಿನ ಕಡೆಯವನು. ಒಂದು ದಿನ ಚಾದವನು ತಾನಾಗಿ ಸುದ್ದಿ ಹೇಳಿದ. ಬ್ಯಾರಿಯನ್ನು ಅದೇ ವಾರ ಕೆಲಸದಿಂದ ತೆಗೆದರಂತೆ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳುಹಿಸಿದರಂತೆ. ನಾನು ಹೌದಾ ಎಂದೆ. ಚಾ ಪೂರ್ತಿ ಕುಡಿದೆ.

ನನ್ನ ವೀಸಾ ಆಯಿತು. ಪಾಸ್‌ಪೋರ್ಟ್ ಕೈಗೆ ಬಂದ ದಿನ ಮುದೀರರ ಎದುರು ನಿಂತು ನಿಜ ಹೇಳಿದೆ. ಅದಕ್ಕೂ ಮೊದಲು ಹೇಳುವ ಧೈರ್ಯ ಬಂದಿರಲಿಲ್ಲ. ಇದನ್ನು ಧೈರ್ಯ ಎನ್ನಬಹುದೋ ಗೊತ್ತಿಲ್ಲ. ಅವರು ಬಾಗಿಲು ಮುಚ್ಚಿ ಬಂದು ಕೂತರು. ಪಂಪಿನವರು ರಿಪೇರಿ ಮಾಡಿಸಿ ಆಗಿದೆ, ಈಗ ನೀನು ಬಾಯಿ ಬಿಟ್ಟರೆ ನನ್ನ ತಲೆಗೆ ಬರುತ್ತದೆ ಎಂದರು. "ಖಲಾಸ್. ನಾಳೆ ಬನಿಯಾಸಿನ ಲೋಡ್ ಇದೆ." ಖಲಾಸ್ ಎಂದರೆ ಮುಗಿಯಿತು. ನನಗೂ ಬೇಕಾಗಿದ್ದದ್ದು ಅದೇ ಮಾತು. ಸಿಕ್ಕಿದ ಮೇಲೆ ಬೇಡವಾಯಿತು.

ಇನ್ನೂ ಎರಡು ವರ್ಷ ಗಾಡಿ ಓಡಿಸಿ, ಕಳೆದ ವರ್ಷ ನಾನಾಗಿಯೇ ಬಿಟ್ಟು ಬಂದೆ. ಹೊರಡುವ ಮೊದಲು ಕೆಫೆಟೇರಿಯಾದವನ ಹತ್ತಿರ ಆ ಬ್ಯಾರಿಯ ನಂಬರ್ ತೆಗೆದುಕೊಂಡಿದ್ದೆ. ಫೋನು ಮಾಡಲು ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಒಂದು ಶುಕ್ರವಾರ ಮಧ್ಯಾಹ್ನ ಊಟ ಆದ ಮೇಲೆ ಮಾಡಿದೆ. ನಾನು ಯಾರೆಂದು ಹೇಳಿದೆ. ಆರೋಗ್ಯ ಹೇಗುಂಟು ಅಣ್ಣ ಎಂದು ಕೇಳಿದ. ಈಗ ಮಂಗಳೂರಿನ ಬಂದರಿನ ಹತ್ತಿರ ಮೀನಿನ ಲಾರಿಗಳಿಗೆ ಮಂಜುಗಡ್ಡೆ ತುಂಬುವ ಕೆಲಸವಂತೆ.

ನಾನು ತಯಾರು ಮಾಡಿಕೊಂಡಿದ್ದ ಮಾತನ್ನೆಲ್ಲ ಹೇಳಿದೆ. ಹಾಕಿದ್ದು ನಾನು, ಹೆದರಿ ಸುಮ್ಮನಿದ್ದದ್ದು ನಾನು, ನಿನ್ನ ಅನ್ನ ಕಿತ್ತವನು ನಾನು, ಕ್ಷಮಿಸು ಎಂದೆ. ಅವನು ನಡುವೆ ಬಾಯಿ ಹಾಕದೆ ಕೇಳಿದ. ಮುಗಿದ ಮೇಲೆ ಹೇಳಿದ:

"ಇದೆಲ್ಲ ನನಗೆ ಗೊತ್ತುಂಟಲ್ಲ ಅಣ್ಣ. ನನಗೆ ಹೇಳಿ ಎಂತ ಪ್ರಯೋಜನ? ನಾನು ಅಲ್ಲೇ ಇದ್ದೆ. ನನ್ನ ಹೆಂಡತಿಗೆ ಹೇಳಿ. ಮೊಬೈಲ್ ನೋಡ್ತಾ ನಿಂತು ಕೆಲಸ ಕಳ್ಕೊಂಡು ಬಂದ ಅಂತ ಅವಳ ಮನೆಯವರು ಈಗಲೂ ಆಡಿಕೊಳ್ತಾರೆ. ಅವಳೂ ಹಾಗೇ ತಿಳ್ಕೊಂಡಿದ್ದಾಳೆ. ನಾನು ಹೇಳಿದ್ರೆ, ಎಲ್ಲ ಗಂಡಸರೂ ಹಾಗೇ ಹೇಳುವುದು ಅಂತಾಳೆ."

ಇದಕ್ಕೆ ನಾನು ತಯಾರಿರಲಿಲ್ಲ. ಆಮೇಲೆ ಮಾಡುತ್ತೇನೆ ಎನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವನು ಕರೆದು ಫೋನು ಅವಳ ಕೈಗೆ ಕೊಟ್ಟಾಗಿತ್ತು. ಹಲೋ, ಯಾರು ಎಂದಳು. ಹಿಂದೆ ಕುಕ್ಕರಿನ ಸದ್ದು ಕೇಳುತ್ತಿತ್ತು.

ಮೊದಲಿನಿಂದ ಹೇಳಿದೆ. ಅವನಿಗೆ ಹೇಳುವುದು ಇಷ್ಟು ಕಷ್ಟ ಆಗಿರಲಿಲ್ಲ. ಅವನು ನನ್ನನ್ನು ಬಲ್ಲವನು, ನನ್ನ ಹೆದರಿಕೆಯನ್ನೂ ಬಲ್ಲವನು. ಇವಳಿಗೆ ನಾನು ಒಬ್ಬ ಕೆಟ್ಟ ಮುದುಕ ಮಾತ್ರ. ಮೀಸೆಯ ಬಣ್ಣದ ವಿಷಯವನ್ನೂ ಬಿಡದೆ ಹೇಳಿದೆ. ಅವಳು ಬಯ್ಯಲಿಲ್ಲ, ಅಳಲಿಲ್ಲ. ಎಲ್ಲ ಮುಗಿದ ಮೇಲೆ ಒಂದನ್ನೇ ಕೇಳಿದಳು.

"ಆಗ ಅವರ ಕೈಯಲ್ಲಿ ಮೊಬೈಲ್ ಇರ್ಲಿಲ್ವಾ?"

"ಇರ್ಲಿಲ್ಲಮ್ಮ. ಇನ್ನೊಂದು ಕಾರಿಗೆ ಎಣ್ಣೆ ಹಾಕ್ತಾ ಇದ್ದ."

ಅವಳು ಫೋನನ್ನು ಎಲ್ಲಿಯೋ ಕೆಳಗಿಟ್ಟ ಸದ್ದಾಯಿತು, ಕಾಲ್ ಕಡಿದಿರಲಿಲ್ಲ. ಅವರಿಬ್ಬರ ಮಾತು ಬ್ಯಾರಿ ಭಾಷೆಯಲ್ಲಿತ್ತು, ನನಗೆ ಅಷ್ಟಾಗಿ ತಿಳಿಯದು. ಅವಳು ತಗ್ಗಿದ ದನಿಯಲ್ಲಿ ಏನೋ ಕೇಳಿದಳು. ಅವನು ಉತ್ತರಿಸಿದ. ಅವಳು ಮತ್ತೆ ಕೇಳಿದಳು, ಈ ಸಲ ಉದ್ದವಾಗಿ, ನಡುನಡುವೆ ದನಿ ಒಡೆಯುತ್ತಿತ್ತು. ಅದು ನಾನು ಕೇಳಬೇಕಾದ ಮಾತಲ್ಲ ಎಂದು ಗೊತ್ತಿದ್ದೂ ಸ್ವಲ್ಪ ಹೊತ್ತು ಕಿವಿಗೆ ಹಿಡಿದುಕೊಂಡೇ ಇದ್ದೆ. ಆಮೇಲೆ ನಾನೇ ಫೋನು ಇಟ್ಟೆ.