ಬಿಲ್ಲೆಯ ಸುತ್ತಲ ಬಯಲು

ಡಾಕ್ಟರಮ್ಮನ ಬಲಗೈ ಬೆರಳ ತುದಿಗಳು ಸದಾ ನೇರಳೆ. ರೋಗಿಯ ರಕ್ತದಲ್ಲಿ ಸಿಕ್ಕ ಕ್ರಿಮಿಗೆ ಗಾಜಿನ ಮೇಲೆ ಬಣ್ಣ ಹಾಕಿ ನೋಡುವ ಕೆಲಸವನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ನನ್ನ ನೆನಪಿನಲ್ಲಿ ಆ ಕೈಗೆ ಹಸಿರು ಬಳೆಗಳಿವೆ. ಬಳೆಯೇ ಇರಲಿಲ್ಲ ಎನ್ನುತ್ತಾಳೆ ಹೆಂಡತಿ. ಜ್ವರದಲ್ಲಿ ಮೈಮರೆತು ಮಲಗಿದ್ದವಳು ಅವಳು. ಆದರೂ ಅವಳನ್ನೇ ನಂಬುತ್ತೇನೆ. ಹೆದರಿದ ಕಣ್ಣಿಗೆ ಏನೇನೋ ಕಾಣುತ್ತದೆ.

ಎಂಬತ್ತರ ದಶಕದ ಕೊನೆ. ಬ್ಯಾಂಕು ನನ್ನನ್ನು ವಿಜಯವಾಡಕ್ಕೆ ವರ್ಗ ಮಾಡಿತ್ತು. ಹೆಂಡತಿಯ ಕಾಲಿನ ಕುರುವಿನ ನಂಜು ರಕ್ತಕ್ಕೇರಿ, ಗವರ್ನರ್‌ಪೇಟೆಯ ನರ್ಸಿಂಗ್ ಹೋಮಿನಲ್ಲಿ ಅವಳು ಮಂಚ ಅಲುಗುವಂತೆ ನಡುಗುತ್ತಿದ್ದಳು. ಡಾಕ್ಟರಮ್ಮ ಪರೀಕ್ಷೆಗೆ ರಕ್ತ ತೆಗೆದು, ಆಮೇಲೆಯೇ ಹೊಸದಾಗಿ ಬಂದಿದ್ದ ದೊಡ್ಡ ಇಂಜೆಕ್ಷನ್ ಶುರು ಮಾಡಿದರು. ಜ್ವರ ಇಳಿಯುವ ಮುನ್ನವೇ ಅದನ್ನು ನಿಲ್ಲಿಸಿ ಹಳೆಯದೊಂದನ್ನು ಬರೆದರು.

ಹುಬ್ಬಳ್ಳಿಯಿಂದ ಓಡಿಬಂದಿದ್ದ ಹೆಂಡತಿಯ ಅಣ್ಣ ಸಿಡಿದರು. "ದೊಡ್ಡದ್ ಬಿಟ್ಟು ಹಳೇದ್ ಕೊಡ್ತೀರೇನ್ರೀ? ನಮ್ಮ ತಂಗಿ ಜೀವಾ ಅಷ್ಟ್ ಅಗ್ಗ ಆತೇನು?"

ಡಾಕ್ಟರಮ್ಮ ತೆಲುಗು ಮನೆಯಲ್ಲಿ ಹುಟ್ಟಿ, ಬಳ್ಳಾರಿಯ ಅತ್ತೆಯಿಂದ ಕನ್ನಡ ಕಲಿತವರು. "ಇಲ್ಲಿ ನೋಡ್ರಿ ಅಣ್ಣಾ" ಎಂದು ಒಂದು ಗಾಜಿನ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಂಡತಿಯ ರಕ್ತದಿಂದ ಬೆಳೆಸಿದ ಕ್ರಿಮಿ ಅದರ ತುಂಬ ಹೊದಿಕೆಯಂತೆ ಹಬ್ಬಿತ್ತು. ಹಳೆಯ ಔಷಧ ಹಚ್ಚಿದ ಪುಟ್ಟ ಕಾಗದದ ಬಿಲ್ಲೆಯ ಸುತ್ತ ಮಾತ್ರ ಕ್ರಿಮಿಯಿಲ್ಲದೆ ದುಂಡಗೆ ಬಯಲು. "ಆ ದೊಡ್ಡದು ಹತ್ತು ಜಾತಿ ಕ್ರಿಮಿ ಹೊಡೀತೈತೆ. ಯಾವ್ದು ಅಂತ ತಿಳೀದೇ ಇದ್ದಾಗ ಅದು ಬೇಕು. ಈಗ ತಿಳೀತು ಕದಾ? ಇದನ್ನ ಕೊಲ್ಲೋಕೆ ಹಳೇದೇ ಗಟ್ಟಿ."

ಮರುದಿನವೂ ಜ್ವರ ಇಳಿಯಲಿಲ್ಲ. ನಾನು ಅವರ ಕಾಲಿಗೆ ಬೀಳುವುದೊಂದು ಬಾಕಿ. "ದೊಡ್ಡದನ್ನೂ ಸೇರಿಸಿಬಿಡಿ ಡಾಕ್ಟ್ರಮ್ಮಾ."

"ನನಗೂ ಭಯ ಐತೆ ಬಾಬೂ. ಭಯ ಆಯ್ತು ಅಂತ ಮದ್ದು ಬದಲಾಯಿಸಿದ್ರೆ ಅದು ನಮಗೆ ಕೊಟ್ಟಂಗೆ, ಮಲಗಿರೋ ಅಮ್ಮಾಯಿಗಲ್ಲ."

ಜ್ವರ ಯಾವಾಗ ಇಳಿಯಿತೋ ನೆನಪಿಲ್ಲ. ಬೆಳಗು ಮಾಡಿಸಿ, ಕಿಟಕಿಗೆ ಬಿಸಿಲು ತರಿಸಿ ಬರೆಯಬಹುದು, ಮನಸ್ಸು ಒಪ್ಪದು. ಹೆಂಡತಿ ಕಾಫಿ ಕೇಳಿದಳು, ಅಷ್ಟು ಗೊತ್ತು.

ತೊಂಬತ್ತರ ದಶಕದಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಯಿತು. ನಿವೃತ್ತರಾಗಿ ಅಲ್ಲಿನ ಎಂವಿಪಿ ಕಾಲೋನಿಯಲ್ಲಿದ್ದ ಡಾಕ್ಟರಮ್ಮ ಆಸ್ಪತ್ರೆ ಸೇರಿದ್ದಾರೆಂದು ತಿಳಿದು ಓಡಿದೆ. ಈಗ ನಂಜು ಅವರ ರಕ್ತದಲ್ಲಿತ್ತು. ಅವರು ಹಠ ಮಾಡಿದ್ದಕ್ಕೆ ಶಿಷ್ಯೆಯೊಬ್ಬಳು ತಟ್ಟೆಯನ್ನು ಹಾಸಿಗೆಗೇ ತಂದು ತೋರಿಸಿದಳು. ಬೇರೆ ಬೇರೆ ಔಷಧದ ಬಿಲ್ಲೆಗಳೆಲ್ಲ ಕ್ರಿಮಿಯ ಹೊದಿಕೆಯಲ್ಲಿ ಮುಳುಗಿದ್ದವು. ಒಂದರ ಸುತ್ತಲೂ ಬಯಲಿರಲಿಲ್ಲ.

ತುಂಬಾ ಹೊತ್ತು ನೋಡಿ ಹಿಂದಿರುಗಿಸಿದರು. ಬೆರಳುಗಳಲ್ಲಿ ಬಣ್ಣವಿರಲಿಲ್ಲ.

"ಅಮ್ಮಾಯಿ ಕಾಲು ಈಗ ನೋಯಲ್ಲ ಕದಾ?"

"ಇಲ್ಲಮ್ಮಾ. ಚೆನ್ನಾಗಿ ನಡೀತಾಳೆ."

"ಮತ್ತಿನ್ನೇನು" ಎಂದು ನನ್ನ ಕೈ ಹಿಡಿದರು. ಅವರನ್ನು ನೋಡಿದ್ದು ಅದೇ ಕೊನೆ.