ಕಪ್ಪು ಪರದೆಗಳು ಮತ್ತು ವ್ಯಾನಿನ ಚಾವಿ

ಈ ಪರದೇಶದ ನೋವೈ ಊರಿನಲ್ಲಿ ನಮ್ಮ ದಿನಸಿ ಅಂಗಡಿಯ ಪಕ್ಕದ ಫರ್ನಿಚರ್ ಮಳಿಗೆ ಮುಚ್ಚುವಾಗ ಅಲ್ಲಿನ ಪರದೆಗಳನ್ನೆಲ್ಲ ಅರ್ಧಕ್ಕೂ ಕಡಿಮೆ ಬೆಲೆಗೆ ಎತ್ತಿಕೊಂಡು ಬಂದಿದ್ದೆ. ಕಡುಗಪ್ಪು ಬಣ್ಣದವು, ಒಂದು ಎಳೆ ಬೆಳಕನ್ನೂ ಒಳಗೆ ಬಿಡದಂಥವು. ಚೌಕಾಸಿಯಲ್ಲಿ ಗೆದ್ದ ವಸ್ತುವಿನ ಮೇಲೆ ಆಮೇಲೆ ಅನುಮಾನ ಬರುವುದಿಲ್ಲ.

ಆ ರಂಜಾನ್ ತಿಂಗಳಲ್ಲಿ ಅವು ಬಹಳ ಉಪಕಾರ ಮಾಡಿದವು. ರಾತ್ರಿಯ ನಮಾಜು, ಹರಟೆ, ನಸುಕಿಗೆ ಮುಂಚಿನ ಸಹರಿಯ ಊಟ, ಬೆಳಗಿನ ನಮಾಜು ಎಲ್ಲ ಮುಗಿಸಿ, ಪರದೆ ಎಳೆದು ಹನ್ನೊಂದರವರೆಗೆ ಮಲಗುತ್ತಿದ್ದೆ. ಅಂಗಡಿಯನ್ನು ಹೆಂಡತಿ ತೆರೆಯುತ್ತಿದ್ದಳು. ಈದ್ ಮುಗಿಯಿತು, ನನ್ನ ದೇಹಕ್ಕೆ ಮಾತ್ರ ರಂಜಾನ್ ಮುಗಿಯಲಿಲ್ಲ.

ಮುಂದಿನ ವಾರ ಬೆಳಗ್ಗೆ ಹತ್ತಿರದ ಟ್ರಾಯ್ ಊರಿನ ಹೋಟೆಲುಗಳಿಗೆ ಅಕ್ಕಿ ತಲುಪಿಸಲು ಹೊರಟಾಗ, ಫ್ರೀವೇಯಲ್ಲಿ ವ್ಯಾನು ಪಕ್ಕದ ಲೇನಿಗೆ ಹೊರಳಿತು. ಜೊತೆಗಿದ್ದ ಹೆಂಡತಿ ಸ್ಟಿಯರಿಂಗ್ ಹಿಡಿದು ಎಳೆದಳು. ಮುಂದಿನ ಎಕ್ಸಿಟ್‌ನಲ್ಲಿ ನಿಲ್ಲಿಸಿದೊಡನೆ ಚಾವಿ ಕಿತ್ತುಕೊಂಡಳು.

"ಇನ್ನ ಇದು ನನ್ನ ಹತ್ರ. ನೀವು ತೂಕಡಿಸೋದ ಬಿಟ್ಟ ಮ್ಯಾಲ ಕೇಳ್ರಿ."

"ಒಂದ್ ವಾರ ಸಾಕಲ್ಲ?"

"ಇದರಾಗ ಚೌಕಾಸಿ ಇಲ್ಲ."

ಇಲ್ಲಿ ಚಾವಿ ಹೋದರೆ ವ್ಯಾಪಾರ ಹೋದಂತೆ. ಅಂಗಡಿ, ಸಾಗಣೆ ಎರಡನ್ನೂ ಅವಳೊಬ್ಬಳೇ ಎಷ್ಟು ದಿನ ಎಳೆದಾಳು?

ಕೊತ್ತಂಬರಿಗೆಂದು ಬರುವ ಮೈಸೂರಿನ ಹುಡುಗಿಯೊಬ್ಬಳಿದ್ದಾಳೆ, ಪ್ರಯೋಗಾಲಯದಲ್ಲಿ ಇಲಿಗಳ ನಿದ್ದೆಯ ಮೇಲೆ ಸಂಶೋಧನೆ ಮಾಡುವವಳು. ನನ್ನ ಆಕಳಿಕೆ ನೋಡಿ ಕೇಳಿದಳು.

"ಅಂಕಲ್, ನಿಮ್ಮ ಬೆಡ್‌ರೂಮಿಗೆ ಬೆಳಗ್ಗೆ ಬೆಳಕು ಬರುತ್ತಾ?"

"ಒಂದ್ ಎಳೀನೂ ಬರಂಗಿಲ್ಲ. ಅಗದೀ ಛಲೋ ಪರದೆ ಅವ. ನಿನಗೂ ಒಂದ್ ಜೋಡಿ ಕೊಡ್ಲೇನು?"

"ಬೇಡಪ್ಪಾ. ನಿಮ್ಮ ಪ್ರಾಬ್ಲಮ್ಮೇ ಅದು."

ಕಣ್ಣಿನ ನರಗಳು ಕೂಡುವ ಜಾಗದ ಮೇಲೆ, ಮಿದುಳಿನೊಳಗೆ, ಅಕ್ಕಿಕಾಳಿಗಿಂತ ಸಣ್ಣ ಜಾಗದಲ್ಲಿ ಸಾವಿರಾರು ಕೋಶಗಳಿವೆಯಂತೆ. ಪ್ರತಿಯೊಂದಕ್ಕೂ ತನ್ನದೇ ಗಡಿಯಾರ. ಕಣ್ಣಿಗೆ ಬೆಳಕು ಬಿದ್ದರೆ ನರದ ತುದಿಯಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಹೊರಟು ಅವುಗಳಲ್ಲಿ ಕೆಲವಕ್ಕೆ ಸುದ್ದಿ ಮುಟ್ಟಿಸುತ್ತದೆ. ಅವು ಪೆಪ್ಟೈಡ್ ಎಂಬ ಇನ್ನೊಂದು ಅಣುವಿನ ಕೈಯಲ್ಲಿ ನೆರೆಹೊರೆಗೆ ಹೇಳಿ ಕಳಿಸುತ್ತವೆ. ಎಲ್ಲವೂ ಒಂದೇ ಹೊತ್ತಿಗೆ ಒಪ್ಪುತ್ತವೆ. ಆ ಪೆಪ್ಟೈಡ್ ಇಲ್ಲದ ಇಲಿಯಲ್ಲಿ ಕೋಶಗಳು ಬದುಕಿರುತ್ತವೆ, ಆದರೆ ಒಂದಕ್ಕೊಂದು ತಾಳ ತಪ್ಪುತ್ತವೆ.

ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹತ್ತು ವ್ಯಾಪಾರಿಗಳನ್ನು ಒಂದು ದರಕ್ಕೆ ಒಪ್ಪಿಸಲು ನಾನು ಅರ್ಧ ದಿನ ಬೆವರಿದವನು. ಸಾವಿರಾರು ಹಟಮಾರಿಗಳನ್ನು ದಿನಾ, ಸದ್ದಿಲ್ಲದೆ ಒಪ್ಪಿಸುವ ದಲ್ಲಾಳಿ ನನ್ನ ತಲೆಯೊಳಗೇ ಕೂತಿದ್ದಾನೆ! ಅವನಿಗೆ ಬೆಳಗಿನ ಸುದ್ದಿ ಮುಟ್ಟದಂತೆ ನಾನೇ ಪರದೆ ಎಳೆದಿದ್ದೆ.

ಅಂದೇ ಪರದೆ ಬಿಚ್ಚಿದೆ. ದಿನಕ್ಕೆ ಸ್ವಲ್ಪ ಸ್ವಲ್ಪ ಮುಂಚೆ ಎದ್ದು, ಇಲ್ಲಿನ ಫ್ಯಾರನ್‌ಹೀಟ್ ಲೆಕ್ಕದ ನಲವತ್ತು ಡಿಗ್ರಿ ಚಳಿಯಲ್ಲೂ ಅರ್ಧ ಗಂಟೆ ಹೊರಗೆ ನಡೆದೆ. ನೀವೂ ನಡೆಯಿರಿ. ಮೋಡ ಕವಿದ ಆಕಾಶದ ಮುಂದೆಯೂ ಮನೆಯ ದೀಪ ಏನೇನೂ ಅಲ್ಲ. ರಾತ್ರಿ ಮಾತ್ರ ದೀಪ, ಫೋನು ಕಡಿಮೆ ಮಾಡಿ. ಆ ಹೊತ್ತಿನ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ.

ಎರಡು ವಾರದ ಮೇಲೆ ಒಂದು ಬೆಳಗ್ಗೆ ಅಲಾರಾಮಿಗಿಂತ ಮುಂಚೆ ಎಚ್ಚರವಾಯಿತು. ಹೆಂಡತಿ ಚಹಾದ ಪಕ್ಕ ಚಾವಿ ಇಟ್ಟಳು.

"ನಾನೂ ಬರ್ತೀನಿ. ಆ ಪರದೆ ಏನ್ ಮಾಡಿದ್ರಿ?"

"ಗೋದಾಮಿನ್ಯಾಗ ಆಲೂಗಡ್ಡಿಗೆ ಹೊಚ್ಚೀನಿ. ಬೆಳಕ ಬಿದ್ರ ಹಸರ ಆಗ್ತಾವ."

"ಅಂತೂ ನಷ್ಟ ಆಗಗೊಡಲಿಲ್ಲ ನೀವು."

ಟ್ರಾಯ್ ಬರುವವರೆಗೂ ಅವಳು ರಸ್ತೆ ನೋಡಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದಳು. ವಾಪಸು ಬರುವಾಗ ಸೀಟಿಗೆ ಒರಗಿ ನಿದ್ದೆ ಹೋದಳು.