ಒಂದೇ ಕೈಯಲ್ಲಿ ನಡೆಯುವ ಮಿಷನ್ನು

ಪವಿತ್ರಾಳ ಬಲಗೈಯಲ್ಲಿ ಉಳಿದಿರುವುದು ಹೆಬ್ಬೆರಳು ಮತ್ತು ಕಿರುಬೆರಳು. ನಡುವಿನ ಮೂರು ಬೆರಳು ಹುಣಸೂರಿನ ಹತ್ತಿರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಶರ್ಟಿನ ಕಾಲರ್ ಕತ್ತರಿಸುವ ಪ್ರೆಸ್ಸಿನ ಕೆಳಗೆ ಹೋದವು. ಆಗ ಅವಳ ಮಗಳು ಪೂಜಾ ಇನ್ನೂ ಅಂಬೆಗಾಲಿಡುತ್ತಿದ್ದಳು.

ಆ ದಿನದ್ದು ಅವಳಿಗೆ ಹೆಚ್ಚೇನೂ ನೆನಪಿಲ್ಲ. ಎಡಗೈ ಬಟನ್ನಿನ ಮೇಲಿತ್ತು. ಮೇಲಿನ ಪದರ ಮುದುರಿಕೊಂಡಿತ್ತು ಎಂದು ಬಲಗೈ ಅದನ್ನು ಸರಿಮಾಡಲು ಹೋಗಿತ್ತು. ನೋವು ಆಮೇಲೆ ಬಂತು. ಮೊದಲು ಕಂಡದ್ದು ಬಿಳಿ ಬಟ್ಟೆಯ ಮೇಲೆ ಹರಡುತ್ತಿದ್ದ ಕೆಂಪು. ಅಯ್ಯೋ, ಇಷ್ಟೂ ಪದರ ಹಾಳಾಯಿತಲ್ಲ, ಬೈಯುತ್ತಾರಲ್ಲ ಎಂದುಕೊಂಡಿದ್ದಳು.

ಆಸ್ಪತ್ರೆಗೆ ಕಾರ್ಖಾನೆಯಿಂದ ಇಬ್ಬರು ಬಂದರು. ಕಿತ್ತಳೆ ಹಣ್ಣು ತಂದಿದ್ದರು. ಕೆಲಸದ ಮೇಲೆ ಗಮನವಿಲ್ಲದೆ ಆದ ಅಪಘಾತ ಎಂದು ಬರೆದುಕೊಂಡು ಬಂದಿದ್ದನ್ನು ನಿಧಾನವಾಗಿ ಓದಿ ಹೇಳಿದರು. ಇದ್ದರೂ ಇರಬಹುದು ಎಂದು ಅವಳಿಗೂ ಅನ್ನಿಸಿತು. ಹಿಂದಿನ ರಾತ್ರಿ ಮಗು ಮಲಗಗೊಟ್ಟಿರಲಿಲ್ಲ. ಎಡಗೈ ಹೆಬ್ಬೆಟ್ಟು ಒತ್ತಿದಳು. ಅವರು ಕೊಟ್ಟ ಚೂರುಪಾರು ಹಣ ಔಷಧಿಗೆ ಆಯಿತು. ಒಂದೆರಡು ವರ್ಷದಲ್ಲಿ ಕಾರ್ಖಾನೆಯೂ ಮುಚ್ಚಿತು.

ಕಟ್ಟೆಮಳಲವಾಡಿಯ ಮನೆಗೆ ಮರಳಿದ ಮೇಲೆ ಅವಳಿಗೊಂದು ಹೆಸರು ಅಂಟಿತು. ಅವಳ ಗಂಡ ಚಲುವರಾಜು ಗೂಡ್ಸ್ ಆಟೊ ಓಡಿಸುತ್ತಿದ್ದ. ಕೆಟ್ಟವನಲ್ಲ. ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಅವಳ ಗಾಯಕ್ಕೆ ತಾನೇ ಬಟ್ಟೆ ಸುತ್ತಿದ್ದ. ಆದರೆ ಹಾಲು ಉಕ್ಕಿದರೆ, ಬಾಗಿಲಿಗೆ ಚಿಲಕ ಹಾಕದಿದ್ದರೆ, ಸಾರಿಗೆ ಉಪ್ಪು ಮರೆತರೆ ಅವನ ಬಾಯಿಂದ ಒಂದೇ ಮಾತು ಬರುತ್ತಿತ್ತು. "ಗ್ಯಾನ ಇಲ್ದೋಳು." ಬೈದ ಹಾಗೂ ಅಲ್ಲ, ಹೆಸರು ಹಿಡಿದು ಕರೆದ ಹಾಗೆ. ಕೇಳಿ ಕೇಳಿ ಪವಿತ್ರಾಳೂ ಅದನ್ನು ನಂಬಿದಳು. ತನ್ನೊಳಗೆ ಎಲ್ಲೋ ಒಂದು ತೂತಿದೆ, ಗಮನ ಅಲ್ಲಿಂದ ಸೋರಿಹೋಗುತ್ತದೆ ಎಂದು ನಂಬಿದಳು.

ಒಂದು ಬೆಳಿಗ್ಗೆ ಒಲೆಯ ಮೇಲಿಂದ ಸ್ನಾನದ ನೀರಿನ ಪಾತ್ರೆ ಇಳಿಸುವಾಗ ಎರಡು ಬೆರಳಿನ ಹಿಡಿತ ಜಾರಿತು. ಕುದಿಯುವ ನೀರು ನೆಲದ ಮೇಲೆ ಹರಿದು, ಆಡುತ್ತಿದ್ದ ಪೂಜಾಳ ಕಾಲಿನಿಂದ ಗೇಣು ದೂರದಲ್ಲಿ ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಅತ್ತೆ ಮಲ್ಲಾಜಮ್ಮ ಓಡಿಬಂದು ಎತ್ತಿಕೊಂಡವರು, "ಕೈಯಂತೂ ಕಳ್ಕಂಡೆ, ಕೂಸ್ನೂ ಕಳ್ಕತೀಯ?" ಎಂದರು. ಅಂದಿನಿಂದ ಪವಿತ್ರಾ ಮಗುವಿಗೆ ನೀರು ಹಾಕಲಿಲ್ಲ. ಎತ್ತಿಕೊಂಡು ಕೆರೆಯ ಕಡೆ ಹೋಗಲಿಲ್ಲ. ರಸ್ತೆ ದಾಟುವಾಗ ಬೇರೆಯವರ ಕೈಗೆ ಕೊಡುತ್ತಿದ್ದಳು. ಕೊನೆಗೊಂದು ದಿನ ಹೆಗ್ಗಡದೇವನಕೋಟೆಯಲ್ಲಿದ್ದ ಅಕ್ಕ ರಾಣಿಯ ಮನೆಗೆ ಹೋಗಿ, ಮಗುವನ್ನು ಅವಳ ಮಡಿಲಿಗೆ ಹಾಕಿ ಬಂದಳು. ರಾಣಿಗೆ ಮಕ್ಕಳಿರಲಿಲ್ಲ. ಯಾರೂ ಬಲವಂತ ಮಾಡಲಿಲ್ಲ. ಯಾರೂ ಬೇಡ ಎನ್ನಲೂ ಇಲ್ಲ. ಪೂಜಾ ಅಲ್ಲೇ ಬೆಳೆದಳು. ರಾಣಿಯನ್ನು ಅಮ್ಮ ಎಂದಳು, ಹಬ್ಬಕ್ಕೆ ಬಂದುಹೋಗುವ ಪವಿತ್ರಾಳನ್ನು ಊರವ್ವ ಎಂದಳು.

ಮಲ್ಲಾಜಮ್ಮನವರು ಹಳೆಯ ಸೀರೆ, ಪಂಚೆಗಳನ್ನು ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದರು. ಮನೆಯಲ್ಲಿ ಸುಮ್ಮನೆ ಕೂತಿದ್ದ ಸೊಸೆಗೂ ಕಲಿಸಿದರು. ಎಡಗೈಯಲ್ಲಿ ಸೂಜಿ, ಬಲಗೈಯ ಎರಡು ಬೆರಳಲ್ಲಿ ಬಟ್ಟೆಯ ಅಂಚು. ಮೊದಮೊದಲು ಹೊಲಿಗೆ ಇರುವೆ ಸಾಲಿನ ಹಾಗೆ ಅಡ್ಡಾದಿಡ್ಡಿ ಹೋಗುತ್ತಿತ್ತು. ವರ್ಷಗಳು ಕಳೆದ ಮೇಲೆ ಅತ್ತೆಯ ಹೊಲಿಗೆ ಯಾವುದು, ಸೊಸೆಯದು ಯಾವುದು ಎಂದು ಗುರುತಿಸಲಾಗದ ಹಾಗಾಯಿತು. ಪಕ್ಕದ ಮನೆಯ ಭಾಗ್ಯಮ್ಮ ಇನ್ನೂ ಕೆಲವರನ್ನು ಸೇರಿಸಿ ಸಂಘ ಮಾಡಿದಳು. ಬೀಚನಹಳ್ಳಿ ಕಡೆಯ ಒಂದು ರೆಸಾರ್ಟಿನಲ್ಲಿ ಕೋಣೆಗಳ ಉಸ್ತುವಾರಿ ನೋಡುವ ಸುಕನ್ಯ ಎಂಬಾಕೆ ಇವರ ಕೌದಿ ಕಂಡು ಮೆಚ್ಚಿ, ಹಾಸಿಗೆಗೊಂದು ಬೇಕು ಎಂದಳು. ಹೊಸ ಬಟ್ಟೆಯ ತ್ರಿಕೋನಗಳನ್ನು ಜೋಡಿಸಿ ನಕ್ಷತ್ರ ಮಾಡಬೇಕು, ಎಲ್ಲ ಒಂದೇ ಥರ ಇರಬೇಕು.

ಅಲ್ಲಿಗೆ ಬಂತು ತೊಂದರೆ. ಕತ್ತರಿಯಲ್ಲಿ ಕತ್ತರಿಸಿದ ತ್ರಿಕೋನ ಒಂದರ ಹಾಗೆ ಇನ್ನೊಂದಿರುತ್ತಿರಲಿಲ್ಲ. ನಕ್ಷತ್ರದ ತುದಿಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ, ಬಟ್ಟೆ ನಡುವೆ ಉಬ್ಬಿಕೊಳ್ಳುತ್ತಿತ್ತು. ಸುಕನ್ಯ ಮೊದಲ ಕಂತನ್ನು ವಾಪಸು ಕಳಿಸಿದಳು. ಬಟ್ಟೆಯನ್ನು ಅಚ್ಚಿನಲ್ಲಿ ಒತ್ತಿ ಕತ್ತರಿಸುವ ಮಿಷನ್ನು ಬರುತ್ತದಂತೆ, ತಗೊಳ್ಳಿ ಎಂದು ಫೋನಿನಲ್ಲಿ ಹೇಳಿದಳು.

"ನೀನು ಅಂತಾ ಮಿಷನ್ನಲ್ಲಿ ಕೆಲ್ಸ ಮಾಡ್ದೋಳು ಕಣೆ, ನೀನೇ ಬಂದು ನೋಡ್ಬೇಕು," ಎಂದಳು ಭಾಗ್ಯಮ್ಮ.

"ನಂಗೇನ್ ಗೊತ್ತಾಗ್ತದೆ ಅಕ್ಕ, ಬೇರೆ ಯಾರ್ನಾದ್ರೂ ಕರ್ಕಂಡೋಗಿ," ಎಂದಳು ಪವಿತ್ರಾ. ಆದರೂ ಬೆಳಿಗ್ಗೆ ಬಟ್ಟೆಯ ಚೀಲ ಹಿಡಿದು ಬಸ್ಸು ಹತ್ತಿದಳು.

ಹುಣಸೂರಿನ ಹೊರಗೆ, ತಗಡಿನ ಶೆಡ್ಡಿನಲ್ಲಿ ಲಿಂಗರಾಜು ಎಂಬಾತ ಮುಚ್ಚಿದ ಕಾರ್ಖಾನೆಗಳ ಹೊಲಿಗೆ ಮಿಷನ್ನು, ಇಸ್ತ್ರಿ ಮೇಜು, ಮೋಟಾರುಗಳನ್ನು ಕೊಂಡು ಮಾರುತ್ತಿದ್ದ. ಮಾತುಗಾರ, ನಗುಮುಖದವನು. ಮೊದಲು ತೋರಿಸಿದ್ದು ಮೇಜಿನ ಮೇಲಿಡುವ ಒಂದು ಸಣ್ಣ ಮಿಷನ್ನು. ನಡುವೆ ಎರಡು ಉರುಳೆ, ಪಕ್ಕದಲ್ಲಿ ತಿರುಗಿಸುವ ಹಿಡಿ. ಅಂಗೈಯಗಲದ ಹಲಗೆಯ ಮೇಲೆ ತ್ರಿಕೋನದ ಅಲಗು, ಅಲಗಿನ ಸುತ್ತ ಅದನ್ನು ಮುಚ್ಚುವಷ್ಟು ಸ್ಪಂಜು. ಹಲಗೆಯ ಮೇಲೆ ಬಟ್ಟೆ ಹಾಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಇಟ್ಟು, ಉರುಳೆಗಳ ನಡುವೆ ತೂರಿಸಿ ಹಿಡಿ ತಿರುಗಿಸಿದರೆ ಆ ಕಡೆಯಿಂದ ತ್ರಿಕೋನಗಳು ಬಿದ್ದವು.

ಪವಿತ್ರಾ ತನ್ನ ಚೀಲದ ಬಟ್ಟೆಗಳನ್ನೇ ಹಾಕಿ ನೋಡಿದಳು. ಹೊಸ ಕಾಟನ್ನು ಐದಾರು ಪದರ ಚೆನ್ನಾಗಿ ಕತ್ತರಿಸಿತು. ಹಳೆಯ ಸೀರೆ ಜಾರಿ ಓರೆಯಾಯಿತು. ಹೊಲಿಗೆಯ ಗಂಟಿದ್ದ ಕಡೆ ಅಲಗು ಹತ್ತಲೇ ಇಲ್ಲ, ತುಂಡು ದಾರದಲ್ಲಿ ಜೋತಾಡಿತು. ಬಟ್ಟೆಯನ್ನು ಅಡ್ಡಡ್ಡ ಹಾಕಿದಾಗ ಉರುಳೆಯ ಒತ್ತಡಕ್ಕೆ ಎಳೆದುಕೊಂಡು ತ್ರಿಕೋನದ ಮೂಲೆ ಬಾಗಿತು. ಉದ್ದುದ್ದ ಹಾಕಿದಾಗ ಸರಿಬಂತು. ಎರಡು ಬೆರಳಿನ ಕೈಯಲ್ಲಿ ಹಿಡಿ ನಿಲ್ಲಲಿಲ್ಲ. ಎಡಗೈಯಲ್ಲೇ ತಿರುಗಿಸಿದಳು, ಭುಜ ನೋಯುತ್ತಿತ್ತು.

"ಇದ್ರಲ್ಲಿ ನಾವು ಕತ್ರಿಸೋದು ಯಾವಾಗ, ಒಲಿಯೋದು ಯಾವಾಗ?" ಎಂದಳು ಭಾಗ್ಯಮ್ಮ.

"ಅದ್ಕೇ ಮತ್ತೆ, ಬನ್ನಿ ಇಲ್ಲಿ," ಎಂದು ಲಿಂಗರಾಜು ಶೆಡ್ಡಿನ ಹಿಂಭಾಗಕ್ಕೆ ಕರೆದುಕೊಂಡು ಹೋದ.

ಅಲ್ಲಿ ನಿಂತಿತ್ತು ಪ್ರೆಸ್ಸು. ಹಸಿರು ಬಣ್ಣದ ಕಬ್ಬಿಣದ ಕಂಬ, ಅದರಿಂದ ಚಾಚಿದ ದಪ್ಪ ತೋಳು, ಕೆಳಗೆ ಗಾಯಗಾಯವಾದ ಬಿಳಿ ಹಲಗೆ. ಪವಿತ್ರಾ ಕೆಲಸ ಮಾಡಿದ್ದು ಇದೇ ಮಿಷನ್ನಲ್ಲ, ಆದರೆ ಇದೇ ಜಾತಿಯದು. ಎಣ್ಣೆಯ ವಾಸನೆಯೂ ಅದೇ. ಲಿಂಗರಾಜು ಕರೆಂಟು ಕೊಟ್ಟು, ಬಟ್ಟೆಯ ಮೇಲೆ ಅಚ್ಚಿಟ್ಟು, ತೋಳಿನ ಎರಡೂ ಬದಿಯಲ್ಲಿದ್ದ ಕೆಂಪು ಬಟನ್ನುಗಳನ್ನು ಎರಡು ಕೈಯಲ್ಲಿ ಒತ್ತಿದ. ಧಡ್ ಎಂದಿತು. ದಪ್ಪ ಅಟ್ಟಿಯಷ್ಟು ತ್ರಿಕೋನಗಳು ಒಂದೇ ಏಟಿಗೆ ಬಂದವು.

ಭಾಗ್ಯಮ್ಮ ಅವನ್ನು ಎತ್ತಿ ನೋಡುತ್ತಿದ್ದಳು. ಪವಿತ್ರಾ ನೋಡುತ್ತಿದ್ದುದು ಬಟನ್ನುಗಳನ್ನು.

"ಎರಡ್ಯಾಕಣ್ಣ?"

"ಯಾವ್ದು?"

"ಬಟನ್ನು. ಎರಡ್ಯಾಕೆ?"

"ಓ, ಅದಾ. ಎರಡೂ ಕೈಲಿ ಒಟ್ಗೆ ಒತ್ತುದ್ರೇನೆ ತೋಳು ಇಳಿಯೋದು ಕಣಮ್ಮ. ಎರಡು ಕೈನೂ ಮೇಲಿದ್ರೆ ಕೆಳಗಡೆ ಕೈ ಇರಾಕಿಲ್ವಲ್ಲ, ಅದಕ್ಕೆ. ಕಂಪ್ನಿಯೋರೇ ಅಂಗ್ ಮಾಡಿರ್ತಾರೆ."

ಅವಳಿಗೆ ಕೆಲಸ ಕಲಿಸಿದ ದಿನದಿಂದ ಆ ಮಿಷನ್ನಿನಲ್ಲಿ ಅವಳು ಕಂಡಿದ್ದು ಒಂದೇ ಬಟನ್ನು. ಬಲಗಡೆ ಏನೋ ಒಂದರ ಮೇಲೆ ಕರಿ ಟೇಪು ಸುತ್ತಿತ್ತು. ಕೆಟ್ಟಿದೆ ಎಂದುಕೊಂಡಿದ್ದಳು. ಎಡಗೈಯಲ್ಲಿ ಒತ್ತು, ಬಲಗೈಯಲ್ಲಿ ಬಟ್ಟೆ ನೋಡಿಕೋ ಎಂದು ಸೂಪರ್‌ವೈಸರೇ ಹೇಳಿಕೊಟ್ಟಿದ್ದ.

"ಒಂದ್ರ ಮೇಲೆ ಟೇಪು ಸುತ್ತಿದ್ರೆ?" ಎಂದಳು.

"ಅದು ಗೊತ್ತಾ ನಿಮ್ಗೆ?" ಲಿಂಗರಾಜು ನಕ್ಕ. "ಫ್ಯಾಕ್ಟ್ರೀಲೆಲ್ಲ ಅಂಗೇ ಮಾಡೋದು. ಒಂದ್ನ ಅದುಮಿ ಟೇಪ್ ಸುತ್ಬುಟ್ರೆ ಅದು ಒತ್ತಿದಂಗೇ ಇರ್ತದೆ. ಇನ್ನೊಂದ್ ಕೈ ಬಟ್ಟೆ ಸರಿಮಾಡ್ಕಬೋದು, ಕೆಲ್ಸ ಬಿರ್ರನೆ ಆಯ್ತದೆ." ಅವಳ ಕೈ ಅವನ ಕಣ್ಣಿಗೆ ಬಿದ್ದದ್ದು ಆಗಲೇ. ಕನಿಕರದಿಂದಲೇ ಹೇಳಿದ. "ನಿಮ್ಗೂ ಅಂಗೇ ಮಾಡ್ಕೊಡ್ತೀನಿ ಬುಡಿ. ಒಂದೇ ಕೈಲಿ ನಡೀತದೆ."

ಪವಿತ್ರಾ ಶೆಡ್ಡಿನ ಹೊರಗೆ ಬಂದು ಒಂದು ಮುರಿದ ಇಸ್ತ್ರಿ ಮೇಜಿನ ಮೇಲೆ ಕೂತಳು. ಆ ದಿನ ತನ್ನ ಗಮನ ಎಲ್ಲೂ ಹೋಗಿರಲಿಲ್ಲ. ಬಟ್ಟೆಯ ಮೇಲೇ ಇತ್ತು, ಹೇಳಿಕೊಟ್ಟ ಹಾಗೇ ಇತ್ತು. ಹಿಂದೆ ಬಂದ ಭಾಗ್ಯಮ್ಮನಿಗೆ ಇದನ್ನು ಹೇಳಲು ನೋಡಿದಳು.

"ಅದ್ನ ತಂದ್ರೆ ನಾನು ಬರಾಕಿಲ್ಲ ಅಕ್ಕ," ಎಂದಷ್ಟೇ ಹೇಳಿದಳು.

ಭಾಗ್ಯಮ್ಮನಿಗೆ ಬೇಸರವಾಯಿತು. ಕತ್ತರಿಸುವ ಕೆಲಸ ಹಿಂದೆ ಬೀಳುತ್ತದೆ ಎಂದಳು, ಹೆದರಿಕೊಂಡರೆ ಆದೀತೆ ಎಂದಳು. ಆಮೇಲೆ ಪವಿತ್ರಾಳ ಮುಖ ನೋಡಿ, ಒಳಗೆ ಹೋಗಿ ದೊಡ್ಡದು ಬೇಡ ಎಂದಳು. ಸಣ್ಣ ಮಿಷನ್ನನ್ನೇ ಕಟ್ಟಿಸಿಕೊಂಡರು.

ಸಂಜೆ ಚಲುವರಾಜು ಊಟಕ್ಕೆ ಕೂತಾಗ ಪವಿತ್ರಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಮಲ್ಲಾಜಮ್ಮನವರು ಗೋಡೆಗೆ ಒರಗಿ ಕೇಳುತ್ತಿದ್ದರು. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ತಟ್ಟೆಯನ್ನೇ ನೋಡುತ್ತ ಕೂತ. ಆ ಒಂದು ಗಳಿಗೆ ಅವನು ಏನಾದರೂ ಹೇಳಿಯಾನು ಎಂದು ಅವಳಿಗೆ ಆಸೆಯಾಯಿತು.

"ಆ ಟೇಪು ದಿನಾ ಕಣ್ಮುಂದೆ ಇತ್ತಲ್ಲ," ಎಂದ ಕೊನೆಗೆ. "ಯಾಕ್ ಅಂತ ಕೇಳ್ಬೇಕು ಅನ್ನೋ ಗ್ಯಾನ ಬರ್ನಿಲ್ವ ನಿಂಗೆ?"

ಪವಿತ್ರಾ ಎದ್ದು ನೀರು ತರಲು ಹೋದಳು. ಹಿಂದಿನಿಂದ ಮಲ್ಲಾಜಮ್ಮ ಮಗನಿಗೆ, "ಉಣ್ಣೋ, ಸಾಕು," ಎನ್ನುವುದು ಕೇಳಿಸಿತು. ಆಮೇಲೆ ಸೊಸೆಯ ಹತ್ತಿರ ಬಂದು ನಿಂತರು. "ಆ ಕೂಸು ಇಲ್ಲೇ ಇರ್ಬೋದಾಗಿತ್ತು ಕಣೆ," ಎಂದವರು ಸೆರಗಿನಿಂದ ಮೂಗು ಒರೆಸಿಕೊಂಡರು.

ಮುಂದಿನ ಭಾನುವಾರ ಪವಿತ್ರಾ ಹೇಳದೆ ಕೇಳದೆ ಹೆಗ್ಗಡದೇವನಕೋಟೆಗೆ ಹೋದಳು. ಹಬ್ಬವಿಲ್ಲದ ದಿನ ಬಂದ ತಂಗಿಯನ್ನು ಕಂಡು ರಾಣಿಯ ಮುಖ ಬಾಡಿತು. ವಿಷಯ ಕೇಳಿ ಅತ್ತಳು. ಅಳುತ್ತಲೇ, "ಅವುಳ್ನ ಕರ್ಕಂಡೋಗಾಕ್ ಬಂದಿದೀಯ?" ಎಂದು ಕೇಳಿದಳು.

"ಇಲ್ಲ ಅಕ್ಕ. ಅವುಳ್ಗೆ ಒಂದ್ ಮಾತು ಯೋಳ್ಬೇಕಾಗಿತ್ತು, ಅಷ್ಟೇಯ."

ಪೂಜಾ ಒಂಬತ್ತನೆಯ ತರಗತಿಯಲ್ಲಿದ್ದಳು. ಉದ್ದಕ್ಕೆ ಬೆಳೆದಿದ್ದಳು, ಹುಬ್ಬು ಚಲುವರಾಜುವಿನದೇ. ಪಕ್ಕದಲ್ಲಿ ಕೂರಿಸಿಕೊಂಡು ಪವಿತ್ರಾ, "ನಿನ್ನ ಬ್ಯಾಡ ಅಂತ ಕೊಡ್ಲಿಲ್ಲ ಕಣವ್ವ," ಎಂದಳು.

"ಗೊತ್ತು. ಅಮ್ಮ ಹೇಳಿದಾರೆ. ನಿಮಗೆ ಆಗ ಗ್ಯಾನ ಸರಿಯಿರ್ಲಿಲ್ಲ, ನಂಗೇನಾದ್ರೂ ಆಗುತ್ತೆ ಅಂತ ಕೊಟ್ರಿ ಅಂತ." ಹುಡುಗಿಯ ಮಾತಿನಲ್ಲಿ ಕೋಪವಿರಲಿಲ್ಲ. ಚಿಕ್ಕಂದಿನಿಂದ ಕೇಳಿ ಬಾಯಿಪಾಠವಾಗಿತ್ತು.

ಪವಿತ್ರಾ ಬಟನ್ನಿನ ಕಥೆ ಹೇಳಿದಳು. ಎರಡು ಕೈ ಮುಂದೆ ಚಾಚಿ ಹೇಗೆ ಒತ್ತಬೇಕಾಗಿತ್ತು, ತಾನು ಹೇಗೆ ಒತ್ತುತ್ತಿದ್ದೆ ಎಂದು ತೋರಿಸಿದಳು. ಪೂಜಾ ಗಮನವಿಟ್ಟು ಕೇಳಿದಳು.

"ಹಂಗಾದ್ರೆ ಅವರ ಮೇಲೆ ಕಂಪ್ಲೇಂಟ್ ಕೊಡ್ಬೋದಲ್ವ?"

"ಫ್ಯಾಕ್ಟ್ರಿ ಮುಚ್ಚೋಯ್ತಲ್ಲವ್ವ. ಆ ಜಾಗ್ದಲ್ಲೀಗ ಕಲ್ಯಾಣ ಮಂಟ್ಪ ಅದೆ."

"ಓ," ಎಂದಳು ಪೂಜಾ. ಆಮೇಲೆ, "ಪಾಪ," ಎಂದಳು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಯಾರಿಗೋ ಹೇಳುವ ಹಾಗಿತ್ತು. ಒಳಗೆ ರಾಣಿ ಕರೆದಳು, ಹುಡುಗಿ ಎದ್ದು ಹೋದಳು.

ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡು ಪೂಜಾ ಬಿಸಿಲಿನಲ್ಲಿ ಕೂದಲು ಹರಡಿ ಕೂತಿದ್ದಳು. ಪವಿತ್ರಾ ಬಾಚಣಿಗೆ ತೆಗೆದುಕೊಂಡು ಹಿಂದೆ ನಿಂತು, "ಜಡೆ ಆಕ್ಲ?" ಎಂದಳು. ಹುಡುಗಿ ತಿರುಗಿ ಅವಳ ಕೈಯನ್ನು ನೋಡಿದಳು. "ಬೇಡ ಊರವ್ವ, ಒಣಗಿಲ್ಲ. ಆಮೇಲೆ ಅಮ್ಮ ಹಾಕ್ತಾರೆ." ಪವಿತ್ರಾ ಬಾಚಣಿಗೆಯನ್ನು ಕಿಟಕಿಯ ಮೇಲಿಟ್ಟಳು.

ಈಗ ಕಟ್ಟೆಮಳಲವಾಡಿಯಲ್ಲಿ ಸಂಘದವರು ಕೂರುವ ಜಗಲಿಯಲ್ಲಿ ಹಿಡಿ ತಿರುಗಿಸುವ ಕೆಲಸ ಸರದಿಯ ಮೇಲೆ ನಡೆಯುತ್ತದೆ. ನಕ್ಷತ್ರದ ತುದಿಗಳು ಕೂಡುತ್ತವೆ. ಕತ್ತರಿಸುವುದು ನಿಧಾನವಾದ್ದರಿಂದ ಸುಕನ್ಯ ಅರ್ಧ ಕೆಲಸವನ್ನು ಬೇರೆ ಊರಿನವರಿಗೆ ಕೊಟ್ಟಿದ್ದಾಳೆ. ಭಾಗ್ಯಮ್ಮ ಆಗಾಗ ಅದನ್ನು ನೆನೆಸಿ ಗೊಣಗುತ್ತಾಳೆ. ಚಲುವರಾಜು ಆ ಮಾತು ಬಿಟ್ಟಿಲ್ಲ. ಹಾಲು ಉಕ್ಕಿದರೆ ಈಗಲೂ ಬರುತ್ತದೆ. ಮೊದಲು ಅದನ್ನು ಕೇಳಿದಾಗ ಪವಿತ್ರಾ ತಲೆ ತಗ್ಗಿಸುತ್ತಿದ್ದಳು. ಈಗ ತಲೆ ಎತ್ತಿ, ಅವನೇ ಕಣ್ಣು ತಪ್ಪಿಸುವವರೆಗೂ ಅವನನ್ನು ನೋಡುತ್ತಾಳೆ. ಆಮೇಲೆ ಹೋಗಿ ಒಲೆ ಒರೆಸುತ್ತಾಳೆ.